ಬಣ್ಣದ ಹೆಸರೆತ್ತದ ಕಾನೂನು

ಒಂದು ಮನೆತನದ ಐದು ತಲೆಮಾರಿನ ಗಂಡಸರು. ಐವರಿಗೂ ಮತದಾನದ ಭಾಗ್ಯವಿಲ್ಲ. ಮುತ್ತಜ್ಜನ ತಂದೆ ಗುಲಾಮ. ಮುತ್ತಜ್ಜ ಮತ ಹಾಕಲು ಹೊರಟದ್ದಕ್ಕೆ ಕೂ ಕ್ಲಕ್ಸ್ ಕ್ಲಾನ್ ಗುಂಪಿನವರ ಹೊಡೆತದಿಂದ ಸತ್ತ. ಅಜ್ಜನನ್ನು ಅದೇ ಗುಂಪಿನ ಬೆದರಿಕೆ ತಡೆಯಿತು. ತಂದೆಗೆ ಮತದಾನದ ತೆರಿಗೆ, ಅಕ್ಷರಪರೀಕ್ಷೆಗಳು ಅಡ್ಡ ಬಂದವು. ಮಗನಿಗೆ ಇವಾವುದರ ಕಾಟವೂ ಇಲ್ಲ. ಆದರೆ ಅವನು ಶಿಕ್ಷೆಗೊಳಗಾಗಿ ಪೆರೋಲಿನ ಮೇಲೆ ಹೊರಗಿರುವವನು, ಆದ್ದರಿಂದ ಮತವಿಲ್ಲ. ಅಮೆರಿಕದ ನ್ಯಾಯವಾದಿ ಮಿಶೆಲ್ ಅಲೆಕ್ಸಾಂಡರ್ ಅವರು 2010ರಲ್ಲಿ ಪ್ರಕಟಿಸಿದ ‘ದಿ ನ್ಯೂ ಜಿಮ್ ಕ್ರೋ’ ಗ್ರಂಥ ಈ ವಂಶಾವಳಿಯಿಂದಲೇ ಆರಂಭವಾಗುತ್ತದೆ. ಅದನ್ನು ಈಗ ಎರಡನೆಯ ಸಲ ಓದಿ ಮುಗಿಸಿದ್ದೇನೆ. ಮೊದಲ ಓದಿನಲ್ಲಿ ಬರಿಯ ಸಿಟ್ಟು ಬಂದಿತ್ತು. ಈ ಸಲ ಸಿಟ್ಟಿನ ಜೊತೆಗೆ ಕೆಲವು ಪ್ರಶ್ನೆಗಳೂ ಬಂದವು.

ಜಿಮ್ ಕ್ರೋ ಎಂಬುದು ಮೊದಲು ಕರಿಯರನ್ನು ಗೇಲಿಮಾಡುವ ರಂಗವೇಷವೊಂದರ ಹೆಸರು. ಅನಂತರ ದಕ್ಷಿಣದ ಸಂಸ್ಥಾನಗಳಲ್ಲಿ ಕರಿಯರನ್ನು ಪ್ರತ್ಯೇಕವಾಗಿರಿಸಿದ ಕಾನೂನುಗಳಿಗೆಲ್ಲ ಅದೇ ಹೆಸರಾಯಿತು. 1960ರ ದಶಕದಲ್ಲಿ ಆ ಕಾನೂನುಗಳು ಅಳಿದವು. ಆದರೆ ಅವು ಮಾಡುತ್ತಿದ್ದ ಕೆಲಸವನ್ನು ಸೆರೆಮನೆ ವಹಿಸಿಕೊಂಡಿತೆಂಬುದು ಲೇಖಕಿಯ ವಾದ. ಸುಮಾರು 3 ಲಕ್ಷವಿದ್ದ ಬಂದಿಗಳ ಸಂಖ್ಯೆ ಮೂರು ದಶಕಗಳಲ್ಲಿ 20 ಲಕ್ಷವನ್ನು ಮೀರಿತು.

ಹೇಗೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 1986ರ ಕಾನೂನಿನಂತೆ, 5 ಗ್ರಾಂ ಹರಳು ಕೊಕೇನ್ ಮಾರಾಟಕ್ಕಿಟ್ಟುಕೊಂಡವನಿಗೂ 500 ಗ್ರಾಂ ಪುಡಿ ಕೊಕೇನ್ ಇಟ್ಟುಕೊಂಡವನಿಗೂ ಕನಿಷ್ಠ ಐದು ವರ್ಷಗಳ ಒಂದೇ ಸಜೆ. ಮದ್ದು ಒಂದೇ, ರೂಪ ಮಾತ್ರ ಬೇರೆ. ಹರಳಿನ ಮೊಕದ್ದಮೆಗಳಲ್ಲಿ ಸಿಕ್ಕಿಬಿದ್ದವರು ಬಹುಪಾಲು ಕರಿಯರು. ಕಾನೂನಿನಲ್ಲಿ ಬಣ್ಣದ ಸುದ್ದಿಯೇ ಇಲ್ಲ! ನೂರಕ್ಕೊಂದರ ಈ ಅಂತರ 2010ರಲ್ಲಿ ಹದಿನೆಂಟಕ್ಕೊಂದಾಯಿತೇ ಹೊರತು ಅಳಿಯಲಿಲ್ಲ. ಇನ್ನು ನ್ಯಾಯಸ್ಥಾನದ ಬಾಗಿಲು ತಟ್ಟಿದವರ ಗತಿ? ಬಿಳಿಯರನ್ನು ಕೊಂದವರಿಗೆ ಮರಣದಂಡನೆಯಾಗುವ ಸಂಭವ ಜಾರ್ಜಿಯದಲ್ಲಿ ನಾಲ್ಕು ಪಟ್ಟಿಗೂ ಹೆಚ್ಚೆಂಬ ಅಂಕಿ ಅಂಶಗಳನ್ನು ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟಾಗ, 1987ರಲ್ಲಿ ಐವರು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ತೀರ್ಪಿತ್ತರು: ಲೆಕ್ಕ ಸಾಲದು, ಈ ಆರೋಪಿಯ ಮೊಕದ್ದಮೆಯಲ್ಲೇ ಉದ್ದೇಶಪೂರ್ವಕ ಪಕ್ಷಪಾತ ನಡೆಯಿತೆಂದು ರುಜುವಾತಾಗಬೇಕು. ಮನಸ್ಸಿನೊಳಗಿನ ಉದ್ದೇಶಕ್ಕೆ ಸಾಕ್ಷಿ ತರುವವರಾರು? ಗ್ರಂಥದ ಅತ್ಯಂತ ಬಲವಾದ ಭಾಗ ಇದು.

ಆದರೂ ಒಂದು ಆಕ್ಷೇಪವನ್ನು ಹೇಳದೆ ವಿಧಿಯಿಲ್ಲ. ಲೇಖಕಿ ಬಹುಮಟ್ಟಿಗೆ ಮಾದಕ ವಸ್ತುಗಳ ಮೊಕದ್ದಮೆಗಳನ್ನೇ ನೆಚ್ಚಿದ್ದಾರೆ. ಆದರೆ ಸಂಸ್ಥಾನಗಳ ಸೆರೆಮನೆಗಳಲ್ಲಿರುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹಿಂಸಾಪರಾಧಗಳಿಗಾಗಿ ಸಜೆ ಅನುಭವಿಸುತ್ತಿರುವವರು. ಕೊಲೆ ಸುಲಿಗೆಗಳಿಂದ ಬೇಸತ್ತ ವಾಷಿಂಗ್ಟನ್ ನಗರದ ಕರಿಯ ನಾಯಕರೂ ನಾಗರಿಕರೂ ತಾವೇ ಕಠಿಣ ಶಿಕ್ಷೆ ಬೇಡಿದ ಕಥೆಯನ್ನು ಜೇಮ್ಸ್ ಫೋರ್ಮನ್ 2017ರ ತಮ್ಮ ಗ್ರಂಥದಲ್ಲಿ ಬಿಡಿಸಿ ಹೇಳಿದ್ದಾರೆ. ಚಿಟಿಕೆ ಮದ್ದಿಗಾಗಿ ಸೆರೆ ಸೇರಿದವನ ಬಗ್ಗೆ ಮರುಗುವುದು ಸುಲಭ. ನಿಜವಾಗಿ ಕೇಡು ಮಾಡಿದವನಿಗೂ ನ್ಯಾಯದ ಅಳತೆ ಒಂದೇ ಇರಬೇಕೆನ್ನುವುದು ಕಷ್ಟ. ಆ ಕಷ್ಟದ ಮಾತಿನ ಅಂಚಿಗೆ ಬಂದು ಗ್ರಂಥ ಹಿಂದೆ ಸರಿಯುತ್ತದೆಂದು ನನಗನ್ನಿಸಿತು.

ಇನ್ನೊಂದು ಮಾತು. ತಮ್ಮ ದೇಶದ ಈ ವ್ಯವಸ್ಥೆಯನ್ನು ಕರೆಯಲು ಲೇಖಕಿ ಆರಿಸಿಕೊಂಡ ಪದ ‘ಜಾತಿ’. ಅವರಿಗೆ ಅದು ಹೋಲಿಕೆ. ನಮಗೆ ಮನೆಯ ಮಾತು. ಸೆರೆಯಲ್ಲಿ ಗುಡಿಸುವ ಕೆಲಸ ಒಂದು ಜಾತಿಗೆ, ಅಡಿಗೆ ಇನ್ನೊಂದು ಜಾತಿಗೆ ಎಂದು ಹಲವು ರಾಜ್ಯಗಳ ಕಾರಾಗೃಹ ಕೈಪಿಡಿಗಳಲ್ಲಿದ್ದ ನಿಯಮಗಳನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ ರದ್ದುಮಾಡಿದ್ದು 2024ರ ಅಕ್ಟೋಬರಿನಲ್ಲಿ. ಜಾತಿಯ ಹೆಸರು ಬರೆದಿತ್ತು, ಆದ್ದರಿಂದ ಕೈಗೆ ಸಿಕ್ಕಿತು. ಆದರೆ 2022ರ ಕೊನೆಗೆ ನಮ್ಮ ಸೆರೆಮನೆಗಳಲ್ಲಿದ್ದ ನಾಲ್ವರಲ್ಲಿ ಮೂವರು ಇನ್ನೂ ವಿಚಾರಣೆ ಮುಗಿಯದವರು. ಅವರಲ್ಲಿ ಜಾಮೀನು ಮಂಜೂರಾದರೂ ಹಣವನ್ನೋ ಜಾಮೀನುದಾರನನ್ನೋ ಹೊಂದಿಸಲಾರದೆ ಒಳಗೇ ಉಳಿದ ಬಡವರೂ ಇದ್ದಾರೆ. ಬಡವನನ್ನು ಒಳಗಿಡಬೇಕೆಂದು ಜಾಮೀನಿನ ಕಾನೂನು ಎಲ್ಲೂ ಹೇಳುವುದಿಲ್ಲ. ಹೆಸರೆತ್ತದೆ ನಡೆಯುವ ಅನ್ಯಾಯವನ್ನು ಗುರುತಿಸುವ ಬಗೆಯನ್ನು ಈ ಗ್ರಂಥ ಕಲಿಸುತ್ತದೆ. ಕೊರತೆಯೇನೇ ಇರಲಿ, ಅಷ್ಟಕ್ಕಾಗಿಯಾದರೂ ವಾಚಕರು ಇದನ್ನು ಓದಬೇಕು.