ಯಾವ ಹಸ್ತಪ್ರತಿಯ ಪಾಠ?

ಬೈಬಲನ್ನು ಮೂಲ ಭಾಷೆಗಳಲ್ಲೇ ಓದಬೇಕೆಂದು ಹೊರಟವರಿಗೆ ಈಗ ಅಂತರ್ಜಾಲದಲ್ಲಿ ಹೀಬ್ರೂ, ಗ್ರೀಕ್ ಪಾಠಗಳಿಗೆ ಬರವಿಲ್ಲ. ಆದರೆ ಓದಲು ಕೂರುವ ಮೊದಲು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಇದು ಯಾವ ಹಸ್ತಪ್ರತಿಯ ಪಾಠ, ಸಂಪಾದಿಸಿದವರು ಯಾರು? ಇದಕ್ಕೆ ಉತ್ತರ ಕೊಡದ ಜಾಲತಾಣ ಎಷ್ಟೇ ಚೆಂದವಾಗಿರಲಿ, ಅಭ್ಯಾಸಕ್ಕೆ ಒದಗುವುದಿಲ್ಲ.

ಹೀಬ್ರೂವಿಗೆ ನನ್ನ ಆಯ್ಕೆ ವೆಸ್ಟ್‌ಮಿನ್‌ಸ್ಟರ್ ಲೆನಿನ್‌ಗ್ರಾಡ್ ಪಾಠ. ಅದರ ಹಿಂದಿರುವುದು ಕೈರೋದಲ್ಲಿ ಸುಮಾರು 1008ರಲ್ಲಿ ಸಾಮುವೇಲ್ ಬೆನ್ ಯಾಕೋಬ್ ಬರೆದು ಮುಗಿಸಿದ, ಈಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿರುವ ಪ್ರತಿ. ಅದಕ್ಕಿಂತ ಹಳೆಯದಾದ ಅಲೆಪ್ಪೊ ಪ್ರತಿಯಲ್ಲಿ ಮೋಶೆಯ ಪಂಚಗ್ರಂಥಗಳ ಬಹುಪಾಲು 1947ರ ಗಲಭೆಯ ನಂತರ ಸಿಕ್ಕಿಲ್ಲ. ಗ್ರೀಕ್ ಹೊಸ ಒಡಂಬಡಿಕೆಗೆ ಮೈಕಲ್ ಹೋಮ್ಸ್ 2010ರಲ್ಲಿ ಸಂಪಾದಿಸಿದ ಪಾಠ ಉಚಿತವಾಗಿ ಸಿಗುತ್ತದೆ. ಜರ್ಮನ್ ಬೈಬಲ್ ಸೊಸೈಟಿಯ ತಾಣದಲ್ಲಿ ಸೆಪ್ಟುಅಜಿಂಟ್, ಅಂದರೆ ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದವೂ ಇದೆ.

ಇಷ್ಟು ಕೈಗೆ ಬಂದ ಮೇಲೆ ಹಸ್ತಪ್ರತಿಯನ್ನೇ ನೋಡಬೇಕು. ಅಚ್ಚುಕಟ್ಟಾದ ಟೈಪಿನಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ. 1947ರಲ್ಲಿ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಯೆಶಾಯನ ಮಹಾಸುರುಳಿಯನ್ನು ಇಸ್ರೇಲ್ ಮ್ಯೂಸಿಯಂ 2011ರಲ್ಲಿ ಅಂತರ್ಜಾಲಕ್ಕೆ ತಂದಿತು. ಏಳು ಮೀಟರಿಗೂ ಉದ್ದದ ಚರ್ಮದ ಸುರುಳಿ, 54 ಅಂಕಣಗಳು. ಲೆನಿನ್‌ಗ್ರಾಡ್ ಪ್ರತಿಗಿಂತ ಸಾವಿರ ವರ್ಷಕ್ಕೂ ಹಿಂದಿನದು.

ನಲವತ್ತನೆಯ ಅಧ್ಯಾಯದ ಏಳು, ಎಂಟನೆಯ ವಚನಗಳಿಗೆ ಹೋಗಿ. ಹುಲ್ಲು ಒಣಗುವ, ಹೂವು ಬಾಡುವ ಮಾತು ನಮಗೆ ಗೊತ್ತಿರುವ ಪಾಠದಲ್ಲಿ ಎರಡು ಸಲ ಬರುತ್ತದೆ. ಸುರುಳಿಯ ಲಿಪಿಕಾರ ಬರೆದದ್ದು ಒಂದೇ ಸಲ. ಆಮೇಲೆ ಇನ್ನೊಂದು ಕೈ ಬಿಟ್ಟುಹೋದದ್ದನ್ನು ಸಾಲಿನ ಮೇಲೆ ಬರೆಯತೊಡಗಿ, ಜಾಗ ಸಾಲದೆ ಎಡ ಅಂಚಿಗೆ ತಿರುಗಿ ಕೆಳಗಿಳಿದಿದೆ. ದೇವರ ಹೆಸರು ಬರಬೇಕಾದ ಕಡೆ ನಾಲ್ಕು ಚುಕ್ಕೆಗಳನ್ನಷ್ಟೇ ಇಟ್ಟಿದೆ. ಎಷ್ಟು ಸಲ ನೋಡಿದರೂ ಆ ಚುಕ್ಕೆಗಳ ಮೇಲೆ ನನ್ನ ಕಣ್ಣು ನಿಲ್ಲುತ್ತದೆ.

ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಓದಿದವರಿಗೆ ಲಿಪಿಕಾರರ ಸ್ಖಾಲಿತ್ಯಗಳು ಹೊಸತಲ್ಲ. ಒಂದೇ ಬಗೆಯ ಮಾತು ಎರಡು ಕಡೆ ಬಂದರೆ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರುತ್ತದೆ, ನಡುವಿನದು ಬಿಟ್ಟುಹೋಗುತ್ತದೆ. ಇಲ್ಲಿಯೂ ಹಾಗೇ ಆಗಿರಬಹುದು. ಆದರೆ ಸೆಪ್ಟುಅಜಿಂಟ್ ತೆರೆದು ನೋಡಿ, ಅಲ್ಲಿಯೂ ಗಿಡ್ಡ ಪಾಠವೇ. ಪೇತ್ರನ ಮೊದಲ ಪತ್ರ ಉದ್ಧರಿಸುವುದೂ ಅದನ್ನೇ. ಹಾಗಾಗಿ ಗಿಡ್ಡದೇ ಮೂಲ, ನಡುವಿನ ಮಾತು ಯಾರೋ ಬರೆದ ವಿವರಣೆ ಎನ್ನುವ ವಿದ್ವಾಂಸರೂ ಇದ್ದಾರೆ. ನನಗೆ ಕಣ್ಣು ಹಾರಿದ್ದೇ ಹೆಚ್ಚು ಸಂಭವವೆನಿಸುತ್ತದೆ. ಅಷ್ಟು ಹೋಲುವ ಎರಡು ಸಾಲುಗಳಲ್ಲಿ ಹೀಬ್ರೂ ಲಿಪಿಕಾರನೂ ಗ್ರೀಕ್ ಅನುವಾದಕನೂ ಬೇರೆ ಬೇರೆಯಾಗಿಯೇ ಎಡವಿರಬಹುದು. ಆದರೂ ಪೇತ್ರನ ಪತ್ರ ಓದುವಾಗ ಸೆಪ್ಟುಅಜಿಂಟ್ ಪಕ್ಕದಲ್ಲಿರಲೇಬೇಕು, ಅಲ್ಲಿ ಹೀಬ್ರೂವೊಂದೇ ಸಾಲದು.

ಸುರುಳಿಯಲ್ಲಿ ಸ್ವರಚಿಹ್ನೆಗಳಿಲ್ಲ. ಹೊಸಬರು ಲೆನಿನ್‌ಗ್ರಾಡ್ ಪಾಠವನ್ನು ಇನ್ನೊಂದು ಕಿಟಕಿಯಲ್ಲಿ ತೆರೆದಿಟ್ಟುಕೊಂಡು, 33ನೆಯ ಅಂಕಣವನ್ನು ದೊಡ್ಡದು ಮಾಡಿ, ಬಲದಿಂದ ಎಡಕ್ಕೆ ಪದಪದವಾಗಿ ಕೂಡಿಸಿ ಓದಲಿ.