ಗಾಯಗೊಂಡವನಿಗೆ ರೇಷ್ಮೆ ವಸ್ತ್ರ

ದಸರಾ ಹಬ್ಬದಲ್ಲಿ ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದ ಮಾತು ಎತ್ತಿದರೆ ಸಾಕು, ಬೋಧಿಧರ್ಮ ಬಂದುಬಿಡುತ್ತಾನೆ. ಇಲ್ಲಿಂದ ಹೋದ ಆ ಭಿಕ್ಷು ಈ ಕಾಳಗವಾಡುವ ನಮ್ಮ ಜಟ್ಟಿಗಳ ವಿದ್ಯೆಯನ್ನು ಚೀನಾದ ಶಾವೊಲಿನ್ ವಿಹಾರಕ್ಕೆ ಒಯ್ದ, ಕುಂಗ್‌ಫೂ ಹುಟ್ಟಿದ್ದೇ ಅದರಿಂದ ಎಂದು ಓದುಬರಹ ಬಲ್ಲವರೂ ಹೇಳುತ್ತಾರೆ. ಜಟ್ಟಿಗಳ ಮಟ್ಟಿಗೆ ಇದು ಗೌರವವಲ್ಲ, ಅನ್ಯಾಯ. ಆರನೇ ಶತಮಾನದಲ್ಲಿ ಯಾಂಗ್ ಶ್ವಾನ್‌ಝಿ ಬರೆದ ಲುವೊಯಾಂಗ್ ವಿಹಾರಗಳ ವೃತ್ತಾಂತದಲ್ಲಿ ಬೋಧಿಧರ್ಮ ಗೋಪುರ ಕಂಡು ಬೆರಗಾಗುತ್ತಾನೆ. ಕಾಳಗದ ಸುದ್ದಿಯೇ ಅಲ್ಲಿಲ್ಲ. ಅವನ ಹೆಸರಿಗೆ ವ್ಯಾಯಾಮವನ್ನು ಗಂಟುಹಾಕಿದ ‘ಯಿಜಿನ್ ಜಿಂಗ್’ 17ನೇ ಶತಮಾನದ್ದು. ಚೀನಾದ ಯುದ್ಧಕಲೆಗಳ ಇತಿಹಾಸಕಾರ ಟಾಂಗ್ ಹಾವ್ 1930ರಲ್ಲೇ ಈ ಕಥೆಯನ್ನು ಅಲ್ಲಗಳೆದರು. ನಾವಿನ್ನೂ ಬಿಟ್ಟಿಲ್ಲ.

ಮಲ್ಲವಿದ್ಯೆಯ ಹಳೆಯ ದಾಖಲೆಗಳು ನಮ್ಮಲ್ಲೇ ಇವೆ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವಿದೆ, ಮಲ್ಲರ ದರ್ಜೆ, ಆಹಾರ, ಕಂಬದ ಸಾಧನೆ ಎಲ್ಲವೂ ಅಲ್ಲುಂಟು. ಆದರೆ ನನ್ನನ್ನು ಕಾಡುವುದು ಇನ್ನೊಂದು ಕಡೆಯ ಒಂದೇ ವಾಕ್ಯ. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಮಹಾನವಮಿಯ ಮಲ್ಲರನ್ನು ವರ್ಣಿಸುತ್ತಾನೆ. ಅವರ ಕೈಯಲ್ಲಿ ಮುಳ್ಳಿನ ಬಳೆಗಳು, ಅವುಗಳಿಂದಲೇ ಹೊಡೆದಾಟ. ಕೊನೆಗೆ ಹೆಚ್ಚು ಗಾಯಗೊಂಡವನು ಹೋಗಿ ಉಡುಗೊರೆಯಾಗಿ ರೇಷ್ಮೆ ವಸ್ತ್ರ ಪಡೆಯುತ್ತಾನೆ.

ಗಾಯಗೊಂಡವನು! ‘ಗೆದ್ದವನು ಎಂದಿರಬೇಕು, ಕೈತಪ್ಪು’ ಎಂದು ತಳ್ಳಿಹಾಕುವುದು ಸುಲಭ. ನಾನು ಒಪ್ಪಲಾರೆ. ಇಂದಿನ ಕಾಳಗವನ್ನೇ ನೋಡಿ. ನುಣ್ಣಗೆ ಬೋಳಿಸಿದ ತಲೆ, ಬಲಗೈ ಬೆರಳುಗಳಿಗೆ ತೊಟ್ಟ ಮುಳ್ಳಿನ ಆಯುಧ ವಜ್ರನಖ. ಎಡಗೈ ಎದುರಾಳಿಯ ಮಣಿಕಟ್ಟನ್ನು ಹುಡುಕುತ್ತಿರುತ್ತದೆ. ಸಿಕ್ಕರೆ ಅವನ ಆಯುಧ ಕೈಯಲ್ಲಿದ್ದೂ ಇಲ್ಲದಂತೆ. ಇಷ್ಟು ಸೂಕ್ಷ್ಮವಾದ ಹಿಡಿತ ಕಲಿಯಲು ಗರಡಿಯಲ್ಲಿ ವರ್ಷಗಟ್ಟಲೆ ಬೆವರು ಸುರಿಸಬೇಕು. ಕಾಳಗವೋ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ತಲೆಯಲ್ಲಿ ನೆತ್ತರು ಕಂಡ ಕೂಡಲೇ ನಿಲ್ಲಿಸುತ್ತಾರೆ. ಎದುರಾಳಿಯನ್ನು ಕೆಡವುವುದೇ ಗುರಿಯಾಗಿದ್ದರೆ ಅಲ್ಲಿಗೇ ನಿಲ್ಲಿಸುವುದೇಕೆ? ಹಬ್ಬಕ್ಕೆ ಬೇಕಾದದ್ದು ಆ ನೆತ್ತರ ಹನಿ ಎಂದೇ ನನ್ನ ಓದು. ಹಾಗಾದರೆ ಅದನ್ನು ಕೊಟ್ಟವನಿಗೆ ವಸ್ತ್ರ ಸಲ್ಲುವುದು ಸರಿಯಾಗಿಯೇ ಇದೆ.

ಈ ಕಾಳಗವನ್ನು ಬರೀ ಕ್ರೌರ್ಯ ಎನ್ನುವವರಿಗೂ ಕುಂಗ್‌ಫೂವಿನ ತಾಯಿ ಎನ್ನುವವರಿಗೂ ನೂನಿಜ್‌ನ ಆ ವಾಕ್ಯ ಬೇಕಾಗಿಲ್ಲ. ಒಬ್ಬರಿಗೆ ಅನಾಗರಿಕರು ಬೇಕು, ಇನ್ನೊಬ್ಬರಿಗೆ ಜಗತ್ತನ್ನು ಗೆದ್ದ ವೀರರು. ಆದರೆ ಆ ವಾಕ್ಯಕ್ಕೂ ಮೈಸೂರಿಗೂ ನಂಟಿದೆ. 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದ ರಾಜ ಒಡೆಯರು ವಿಜಯನಗರದ ಮಹಾನವಮಿಯ ಮಾದರಿಯನ್ನೇ ಹಿಡಿದರು. ಕಾಳಗದ ಜಾಡು ಹಿಡಿಯಲು ಹೊರಟವರಿಗೆ ದಾರಿ ಇರುವುದು ಹಂಪಿಯ ಕಡೆಗೆ. ಚನ್ನಪಟ್ಟಣ, ಚಾಮರಾಜನಗರಗಳ ಗರಡಿಗಳಲ್ಲಿ ಹಿರಿಯ ಜಟ್ಟಿಗಳ ಮುಂದೆ ಕೂತು ಮೊದಲು ಕೇಳಬೇಕಾದದ್ದು ಇಷ್ಟೆ: ನೆತ್ತರು ಕಂಡ ಮೇಲೆ, ನಿಮ್ಮಲ್ಲಿ ಮರ್ಯಾದೆ ಮೊದಲು ಯಾರಿಗೆ?