ಹೆಣ್ಣಾಳು ಕೂಲಿ: ಕೆಲಸಕ್ಕಲ್ಲ, ಆಳಿಗೆ ಕಟ್ಟಿದ ಬೆಲೆ

ಸೂಲಿಬೆಲೆ ಸುತ್ತಿನ ಹೊಲ ತೋಟಗಳಲ್ಲಿ ಕೂಲಿ ಮಾತಾಡುವಾಗ ಮೊದಲು ಕೇಳುವುದು ಗಂಡಾಳು ಎಷ್ಟು, ಹೆಣ್ಣಾಳು ಎಷ್ಟು ಎಂದು. ಎರಡಕ್ಕೂ ದರ ಬೇರೆ, ಹೆಣ್ಣಾಳಿನದು ಕಡಿಮೆ. ಎಲ್ಲೂ ಬರೆದಿಡದ ಈ ಪದ್ಧತಿ ಬರೆದಿಟ್ಟ ಕಾನೂನಿಗಿಂತ ಗಟ್ಟಿಯಾಗಿ ನಿಂತಿದೆ.

ಗಂಡಸರದು ಭಾರದ ಕೆಲಸ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಆದರೆ ರಾಗಿ ಹೊಲದಲ್ಲಿ ಬೆಳಗಿನಿಂದ ಸಂಜೆವರೆಗೆ ಬಗ್ಗಿ ಕಳೆ ಕೀಳುವುದು, ಟೊಮೆಟೊ ಬಿಡಿಸಿ ವಿಂಗಡಿಸುವುದು, ಹೊತ್ತು ತಪ್ಪದೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವುದು ಹಗುರವೇ? ಕಳೆ ಉಳಿದರೆ ಬೆಳೆ ಕೈಕೊಡುತ್ತದೆ, ಸೊಪ್ಪು ತಪ್ಪಿದರೆ ಗೂಡು ಕೆಡುತ್ತದೆ. ರೈತನ ಲಾಭ ಈ ಕೈಗಳ ಮೇಲೆಯೇ ನಿಂತಿದೆ.

ಕಾನೂನಿನಲ್ಲೂ ಕೊರತೆಯಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1951ರ ಒಡಂಬಡಿಕೆ ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಕೇಳಿತು. ಭಾರತ 1958ರಲ್ಲಿ ಅದನ್ನು ಒಪ್ಪಿತು. ಆದರೆ 1976ರ ಸಮಾನ ವೇತನ ಕಾಯ್ದೆ ಒಂದೇ ಬಗೆಯ ಕೆಲಸಗಳನ್ನಷ್ಟೇ ಹೋಲಿಸಿತು. 2019ರ ವೇತನ ಸಂಹಿತೆಯೂ ಅದೇ ಜಾಡು ಹಿಡಿಯಿತು. ಗುದ್ದಲಿ ಗಂಡಸಿಗೆ, ಕುಡುಗೋಲು ಹೆಂಗಸಿಗೆ ಎಂದು ಕೆಲಸವನ್ನೇ ಹಂಚಿಬಿಟ್ಟರೆ ಹೋಲಿಕೆಗೆ ಜಾಗವೇ ಇರುವುದಿಲ್ಲ.

ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆ ಗಂಡಾಳು, ಹೆಣ್ಣಾಳು ಎಂಬ ಈ ಗೋಡೆಯನ್ನು ಸ್ವಲ್ಪ ಒಡೆಯಿತು. 2024-25ರಲ್ಲಿ ಅದರಡಿ ಕರ್ನಾಟಕದ ದಿನಗೂಲಿ ಹೆಣ್ಣಿಗೂ ಗಂಡಿಗೂ 349 ರೂಪಾಯಿ ಇತ್ತು. ಒಂದೇ ದರ ಕೊಟ್ಟರೆ ಕೆಲಸ ನಿಲ್ಲುವುದಿಲ್ಲ ಎಂದು ಅದು ತೋರಿಸಿತು. ಆದರೆ ಆಗ ಇದ್ದದ್ದು ವರ್ಷಕ್ಕೆ ಒಂದು ಕುಟುಂಬಕ್ಕೆ ನೂರು ದಿನದ ಖಾತ್ರಿ, ಉಳಿದ ದಿನಗಳ ಕೂಲಿಯನ್ನು ಅದು ಬದಲಿಸಲಿಲ್ಲ.

ಅದನ್ನು ಬದಲಿಸುವ ಬಲ ಸಂಘಟನೆಗಿದೆ. ಭವಿಷ್ಯ ನಿಧಿಯ ಹಣ ತೆಗೆಯಲು ಹೇರಿದ ಮಿತಿಯ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಹಿಂದೆ ಸರಿಯಿತು. ಕಾರ್ಖಾನೆ ಅವರನ್ನು ಒಂದೇ ಸೂರಿನಡಿ ಸೇರಿಸಿತ್ತು. ಹೊಲದ ಹೆಂಗಸರು ಇಂದು ಒಬ್ಬರ ತೋಟ, ನಾಳೆ ಇನ್ನೊಬ್ಬರದು ಎಂದು ಚದುರಿದ್ದಾರೆ. ಕಾರ್ಮಿಕ ಸಂಘಗಳು ಕಾರ್ಖಾನೆಯ ಗೇಟಿನಲ್ಲೇ ನಿಲ್ಲದೆ ಹೋಬಳಿಗೆ ಬರಬೇಕು. ಆಳಿಗಲ್ಲ, ಕೆಲಸಕ್ಕೆ ದರ ಕಟ್ಟುವ ಮಾತು ಗ್ರಾಮಸಭೆಯಲ್ಲಿ ಹೆಂಗಸರ ಬಾಯಿಂದಲೇ ಬರಬೇಕು. ಆ ಮಾತು ಬರುವವರೆಗೆ ಸಮಾನ ವೇತನ ನಮ್ಮ ಹೊಲಗಳಿಗೆ ಕಾಲಿಟ್ಟಿಲ್ಲವೆಂದೇ ಲೆಕ್ಕ.